ಎಂಟೆಸಳಿನ ಹೂವು, ಎರಡು ಬಣ್ಣದ ದಾರ

ಹೆಣಿಗೆಯ ಹುಚ್ಚು ಇರುವವರಿಗೆ ಮೊದಲೇ ಒಂದು ಪದ ಹೇಳಿಬಿಡ್ತೀನಿ: ಒಪ್‌ಸ್ಕ್ರಿಫ್ಟ್. ನಾರ್ವೇಜಿಯನ್ ಭಾಷೆಯಲ್ಲಿ ಅಡುಗೆ ಮಾಡೋ ವಿಧಾನಕ್ಕೂ ಇದೇ ಪದ, ಸ್ವೆಟರ್ ಹೆಣೆಯೋ ವಿಧಾನಕ್ಕೂ ಇದೇ ಪದ. ಇಂಗ್ಲಿಷಿನಲ್ಲಿ ಹುಡುಕಿದರೆ ಬರೋದು ಬಹುಪಾಲು ಹೊರಗಿನವರು ‘ನಾರ್ವೆ ಥರದ್ದು’ ಅಂತ ಬರೆದದ್ದು. ‘ಗ್ರಾಟಿಸ್ ಸ್ಟ್ರಿಕ್ಕೆಒಪ್‌ಸ್ಕ್ರಿಫ್ಟ್’ ಅಂತ ಅವರದೇ ಭಾಷೆಯಲ್ಲಿ ಹುಡುಕಿ ನೋಡಿ, ಬೇರೆಯೇ ಕಪಾಟು ತೆರೆಯುತ್ತೆ. ಗ್ರಾಟಿಸ್ ಅಂದರೆ ಪುಕ್ಕಟೆ. ಪುಕ್ಕಟೆ ಅಂದ ಕೂಡಲೇ ಕಿವಿ ನೆಟ್ಟಗಾಗೋದು ನನ್ನೊಬ್ಬಳದೇ ಗುಣ ಅಲ್ಲ ಅಂದುಕೊಂಡಿದ್ದೀನಿ :-)

ಟ್ರೊನ್‌ಹೈಮಿಗೆ ನಾವು ಬಂದು ನಾಲ್ಕು ವರ್ಷವಾಯ್ತು. ಡಿಸೆಂಬರ್ ಕೊನೆಗೆ ಇಲ್ಲಿ ಬೆಳಿಗ್ಗೆ ಹತ್ತಕ್ಕೆ ಸೂರ್ಯ ಹುಟ್ಟಿ ಮಧ್ಯಾಹ್ನ ಎರಡೂವರೆಗೆಲ್ಲ ಮುಳುಗಿಬಿಡ್ತಾನೆ. ಅಷ್ಟು ಕತ್ತಲಲ್ಲಿ ಜನ ಏನು ಮಾಡ್ತಾರೆ ಅಂದರೆ, ಹೆಣೀತಾರೆ. ಬಸ್ಸಿನಲ್ಲಿ ಹೆಣೀತಾರೆ, ಮಾತಾಡ್ತಾ ಹೆಣೀತಾರೆ. ನೋಡಿ ನೋಡಿ ನಾನೂ ಕಡ್ಡಿ ಹಿಡಿದೆ. ಆದರೆ ಈ ಹುಡುಕಾಟ ನನಗಾಗಿ ಅಲ್ಲ, ಧಾರವಾಡದಲ್ಲಿರೋ ಅವ್ವನಿಗಾಗಿ.

ಅವ್ವ ಕಸೂತಿ ಹಾಕುವವಳು. ಕಸೂತಿಗೆ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳೋ ಹಾಗಿಲ್ಲ, ಎಳೆ ಎಣಿಸಿಕೊಂಡೇ ಹಾಕಬೇಕು ಅನ್ನೋದು ಗೊತ್ತಿರೋರಿಗೆ ಗೊತ್ತು. ಮದುವೆ ಮನೆಯಲ್ಲಿ ಯಾರದೋ ಸೆರಗಿನ ಮೇಲೆ ಹೊಸ ಗೋಪುರ ಕಂಡರೆ ಅವ್ವ ಅವರ ಪಕ್ಕ ಹೋಗಿ ಕೂತು, ಊಟದ ಕರೆ ಬರೋದರೊಳಗೆ ಎಣಿಸಿಟ್ಟುಕೊಂಡು ಬರ್ತಿದ್ದಳು. ಮೂರು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿದೆವು. ರಸ್ತೆ ಆಚೆಯ ಬೋರ್ಡು ಓದ್ತಾಳೆ, ಟೀವಿ ನೋಡ್ತಾಳೆ. ಕಪ್ಪು ಚಂದ್ರಕಾಳಿ ಸೀರೆಯ ಎಳೆ ಮಾತ್ರ ಕಾಣೋದಿಲ್ಲ. ಸೂಜಿ ಡಬ್ಬಿ ಅಟ್ಟಕ್ಕೆ ಹೋಯ್ತು. ಫೋನಿನಲ್ಲಿ ಮಾತೂ ಕಡಿಮೆಯಾಯ್ತು. “ಏನ್ ಮಾಡಾಕತ್ತೀದಿ?” ಅಂದರೆ “ಏನಿಲ್ಲವಾ, ಕೂತೀನಿ.” ಪ್ರತಿ ಸಲ ಅದೇ ಉತ್ತರ. ಅವ್ವ ಹಾಗೆ ಸುಮ್ಮನೆ ಕೂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಅವಳಿಗೆ ಸ್ವೆಟರ್, ಕುಲಾವಿ ಹೆಣೆಯೋದು ಬರುತ್ತೆ. ಎಣಿಸೋದಂತೂ ರಕ್ತದಲ್ಲೇ ಇದೆ. ಎರಡೂ ಸೇರೋ ಜಾಗ ಬೇಕಿತ್ತು.

ಎಲ್ಲರಿಗೂ ಮೊದಲು ಸಿಗೋದು ಗಾರ್ನ್‌ಸ್ಟುಡಿಯೋ ಅನ್ನೋ ಕಂಪನಿಯ ಡ್ರಾಪ್ಸ್ ವಿನ್ಯಾಸಗಳು. 1982ರಿಂದ ನಡೀತಿರೋ ನಾರ್ವೆಯ ಕಂಪನಿ. ಸಾವಿರಾರು ವಿನ್ಯಾಸಗಳನ್ನು ಹತ್ತಾರು ಭಾಷೆಗಳಲ್ಲಿ ಪುಕ್ಕಟೆ ಕೊಡುತ್ತೆ. ಧರ್ಮಕ್ಕೇನೂ ಅಲ್ಲ, ಅವರು ಮಾರೋದು ದಾರ. ನನಗೆ ಅದರಲ್ಲಿ ತಕರಾರಿಲ್ಲ, ಕಲಿಯೋರಿಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಆದರೆ ಅಲ್ಲಿ ವಾಕ್ಯ ಜಾಸ್ತಿ. ಅವ್ವನಿಗೆ ಬೇಕಿದ್ದದ್ದು ವಾಕ್ಯ ಅಲ್ಲ, ಚೌಕಳಿ ಹಾಳೆ.

ವಾಕ್ಯದ ಮಾತು ಬಂತಲ್ಲ, ಇದನ್ನ ಹೇಳಲೇಬೇಕು. ಮೊದಮೊದಲು ನಾರ್ವೇಜಿಯನ್ ಒಪ್‌ಸ್ಕ್ರಿಫ್ಟನ್ನು ಅನುವಾದದ ಯಂತ್ರಕ್ಕೆ ಹಾಕ್ತಿದ್ದೆ. ಸೀದಾ ಹೆಣಿಗೆಗೆ ಅವರು ‘ರೆಟ್’ ಅಂತಾರೆ, ಉಲ್ಟಾಗೆ ‘ವ್ರಾಂಗ್’. ಯಂತ್ರ ಅದನ್ನು “ಎರಡು ಸರಿ, ಎರಡು ತಪ್ಪು” ಅಂತ ಮಾಡಿಕೊಡ್ತು. ಸ್ಟಿಚ್‌ಗೆ ಅವರ ಪದ ‘ಮಾಸ್ಕೆ’. ಅದು ಮುಖವಾಡವೂ ಹೌದು. ನಾಲ್ಕು ಮುಖವಾಡಗಳನ್ನು ಉರುಳಿಸಿ ಅಂತ ಓದಿ ನಾನು ಒಬ್ಬಳೇ ಕೂತು ನಕ್ಕಿದ್ದು ಇನ್ನೂ ನೆನಪಿದೆ. ಹದಿನೈದು ಇಪ್ಪತ್ತು ಪದ ಬಾಯಿಪಾಠ ಮಾಡಿಕೊಂಡರೆ ಯಂತ್ರದ ಹಂಗೇ ಬೇಡ. ದಕ್ಷಿಣದ ಸೇಟೆಸ್ಡಾಲ್ ಕಣಿವೆಯ ಪ್ರಸಿದ್ಧ ಸ್ವೆಟರಿನ ಹೆಸರು ‘ಲೂಸೆಕೊಫ್ತೆ’. ಕಪ್ಪು ಮೈ ತುಂಬ ಬಿಳೀ ಚುಕ್ಕೆ. ಲೂಸ್ ಅಂದರೆ ಹೇನು! ಹೆಮ್ಮೆಯ ಉಡುಪಿಗೆ ಹೇನಿನ ಸ್ವೆಟರ್ ಅಂತ ಹೆಸರಿಟ್ಟ ಜನರ ಮೇಲೆ ನನಗೆ ಅಂದಿನಿಂದ ವಿಶೇಷ ಪ್ರೀತಿ.

ಕಡೆಗೆ ನನಗೆ ನಿಧಿ ಸಿಕ್ಕಿದ್ದು ‘ಡಿಜಿಟಾಲ್ಟ್ ಮ್ಯೂಸಿಯಂ’ನಲ್ಲಿ. ನಾರ್ವೆಯ ಎಷ್ಟೋ ಸಂಗ್ರಹಾಲಯಗಳು ತಮ್ಮಲ್ಲಿರೋ ವಸ್ತುಗಳ ಫೋಟೋಗಳನ್ನು ಅಲ್ಲಿ ಇಟ್ಟಿವೆ. ‘ವೊಟ್ಟೆರ್’ ಅಂತ ಹಾಕಿ, ಅಂದರೆ ಹೆಬ್ಬೆರಳಿಗೆ ಒಂದು ಗೂಡು, ಉಳಿದ ನಾಲ್ಕಕ್ಕೂ ಸೇರಿ ಒಂದೇ ಗೂಡು ಇರೋ ಕೈಗವಸು. ಯಾರೋ ಅಜ್ಜಿ ಎಂದೋ ಹೆಣೆದು, ಇನ್ಯಾರೋ ತೊಟ್ಟು ಸವೆಸಿದ್ದು ಪರದೆ ಮೇಲೆ ಬರುತ್ತೆ. ದೊಡ್ಡದು ಮಾಡಿದರೆ ಒಂದೊಂದು ಸ್ಟಿಚ್ಚೂ ಎಣಿಸಬಹುದು. ಎರಡೇ ಬಣ್ಣ ಇರೋದರಿಂದ ಕಪ್ಪೋ ಬಿಳಿಯೋ ಅಷ್ಟೇ ಪ್ರಶ್ನೆ. ಇಲ್ಲಿ ಒಪ್‌ಸ್ಕ್ರಿಫ್ಟೇ ಇಲ್ಲ, ಆದರೆ ಎಣಿಸಬಲ್ಲವರಿಗೆ ಎಲ್ಲವೂ ಇದೆ. ಅವ್ವ ಸೆರಗಿನ ಪಕ್ಕ ಕೂತು ಮಾಡ್ತಿದ್ದದ್ದೂ ಇದನ್ನೇ ತಾನೆ?

ಅಲ್ಲಿ ಮತ್ತೆ ಮತ್ತೆ ಕಾಣಿಸಿದ್ದು ಎಂಟೆಸಳಿನ ಸೆಲ್ಬು ಹೂವು. ಸೆಲ್ಬು ನಮ್ಮೂರಿಂದ ಕಾರಿನಲ್ಲಿ ಒಂದು ತಾಸಿನ ದಾರಿ. 1857ರಲ್ಲಿ ಮಾರಿತ್ ಗುಲ್ಸೆತ್ ಎಂಸ್ತಾದ್ ಅನ್ನೋ ಹದಿನಾರರ ಹುಡುಗಿ ಕಪ್ಪು ಬಿಳುಪಿನಲ್ಲಿ ಈ ಹೂವಿನ ಕೈಗವಸು ಹೆಣೆದಳಂತೆ. ಅವಳೂ ಇಬ್ಬರು ಅಕ್ಕತಂಗಿಯರೂ ಅದನ್ನು ತೊಟ್ಟು ಚರ್ಚಿಗೆ ಹೋದರಂತೆ. ಊರಿಗೆ ಊರೇ ಹಿಂದೆ ಬಿತ್ತಂತೆ. ಆಮೇಲೆ ಅದೇ ಆ ಊರಿನ ಹೆಂಗಸರ ಸಂಪಾದನೆಯಾಯ್ತು. ಮಾಲಿನ ಗುಣಮಟ್ಟಕ್ಕೂ ಮಾರಾಟಕ್ಕೂ 1934ರಲ್ಲಿ ಒಂದು ಕರಕುಶಲ ಕೇಂದ್ರವನ್ನೇ ಕಟ್ಟಿಕೊಂಡರು. ಹೂವು ಮಾತ್ರ ಮಾರಿತಳ ಸೃಷ್ಟಿ ಅಲ್ಲ. ಎಂಟು ಮೂಲೆಯ ನಕ್ಷತ್ರ ಅವಳಿಗಿಂತ ಎಷ್ಟೋ ಹಳೆಯದು, ಎಷ್ಟೋ ದೇಶಗಳ ಬಟ್ಟೆಗಳ ಮೇಲೆ ಮೊದಲೇ ಇತ್ತು.

ಹಾಗಂತ ನಾರ್ವೆಯ ವಿನ್ಯಾಸವೆಲ್ಲ ಊರ ಬಾವಿ ಅಂತ ತಿಳೀಬೇಡಿ. ನೀಲಿ, ಬಿಳಿ, ಕೆಂಪಿನ ‘ಮಾರಿಯುಸ್’ ಸ್ವೆಟರ್ ನೋಡಿದರೆ ಮುತ್ತಜ್ಜಿ ಕಾಲದ್ದು ಅನ್ಸುತ್ತೆ. ಅಲ್ಲ, ಅದು ಉನ್ ಸೊಯ್ಲಾಂಡ್ 1953ರಲ್ಲಿ ರೂಪಿಸಿ ದಾರದ ಗಿರಣಿಗೆ ಮಾರಿದ್ದು. ಹಳೇ ಸೇಟೆಸ್ಡಾಲ್ ನಮೂನೆಗಳ ನೆರಳು ಇದೆ, ಆದರೂ ಅದು ಅವಳ ದುಡಿಮೆ. ಗೆಳತಿಯೊಬ್ಬಳು, ದುಡ್ಡು ಕೊಟ್ಟು ತಗೊಂಡ ಒಂದು ಪಿಡಿಎಫ್ ಕಳಿಸು ಅಂದಳು, ಕಳಿಸಲಿಲ್ಲ. ಅವಳಿಗೆ ಬೇಜಾರಾಯ್ತು. ಹೂವು ಎಲ್ಲರದು, ಯಾರೋ ವಾರಗಟ್ಟಲೆ ಹೆಣೆದು ಬಿಚ್ಚಿ ಬರೆದ ಲೆಕ್ಕ ಅವರದು. ಕಸೂತಿ ಸೀರೆಗೆ ಕೂಲಿ ಚೌಕಾಶಿ ಮಾಡಿದವರನ್ನೆಲ್ಲ ನೋಡಿ ಬೆಳೆದವಳು ನಾನು, ಅದಕ್ಕೇ ಸ್ವಲ್ಪ ಖಡಕ್ಕು.

ಹೋದ ರಜೆಗೆ ಧಾರವಾಡಕ್ಕೆ ಹೋಗುವಾಗ ಚೌಕಳಿ ಹಾಳೆಗೆ ಇಳಿಸಿದ ಹೂವು, ಐದು ಕಡ್ಡಿಗಳ ಒಂದು ಸೆಟ್ಟು, ಕಪ್ಪು ಬಿಳಿ ರೌಮಾ ಫಿನ್‌ಉಲ್ ಉಂಡೆ ನಾಲ್ಕು ಒಯ್ದೆ. 50 ಗ್ರಾಮಿನ ಉಂಡೆಯಲ್ಲಿ 175 ಮೀಟರ್ ದಾರ. ನಮ್ಮಲ್ಲಿ ಉಲ್ಲನ್ ಅಂತ ಕೊಡೋದು ಹೆಚ್ಚಾಗಿ ಅಕ್ರಿಲಿಕ್. ಇದು ಕುರಿಯದೇ ಉಣ್ಣೆ, ಮುಟ್ಟಿದರೇ ಗೊತ್ತಾಗುತ್ತೆ. ವಿನ್ಯಾಸ ಪುಕ್ಕಟೆ, ದಾರಕ್ಕೆ ಕೊಟ್ಟ ದುಡ್ಡು ಅವ್ವನಿಗೆ ಇವತ್ತಿಗೂ ಹೇಳಿಲ್ಲ.

ಐದು ಕಡ್ಡಿ ನೋಡಿ “ಇದೇನ್ ಮುಳ್ಳಹಂದಿನೇ?” ಅಂದಳು. ಸುತ್ತು ಹೆಣೆಯೋದು ಎರಡು ದಿನದಲ್ಲಿ ಕೈಗೆ ಬಂತು. ಚೌಕಳಿ ಹಾಳೆಯನ್ನು ನಾನು ವಿವರಿಸೋಕೆ ಹೋದರೆ ಕೈ ಬೀಸಿದಳು, “ಎಣಿಸ್ಕೋತ ಹೋಗೂದಷ್ಟ ಅಲ್ಲೇನ, ಬಿಡು.” ಒಂದು ಸ್ಟಿಚ್ ಮೂರು ಮಿಲಿಮೀಟರಿನಷ್ಟು ಅಗಲ. ಚಂದ್ರಕಾಳಿಯ ಎಳೆಯ ಮುಂದೆ ಅದು ಹೆಬ್ಬಾಗಿಲು. ಕಾಣದಿದ್ದರೆ ಕಡ್ಡಿ ಮೇಲೆ ಬೆರಳಾಡಿಸಿದರೂ ಲೆಕ್ಕ ಸಿಗುತ್ತೆ.

ಜಗಳ ಆದದ್ದು ಹಿಂಬದಿಗೆ. ಗವಂತಿ, ಮುರ್ಗಿ ಹಾಕಿದರೆ ಬಟ್ಟೆಯ ಎರಡೂ ಮೈ ಒಂದೇ ಥರ ಕಾಣಬೇಕು, ಅವ್ವನ ಲೆಕ್ಕದಲ್ಲಿ ಹಿಂಬದಿ ನೋಡಿಯೇ ಹೆಂಗಸಿನ ಕೈ ಅಳೆಯೋದು. ಈ ಹೆಣಿಗೆಯಲ್ಲೋ, ಬಳಸದ ಬಣ್ಣದ ದಾರ ಒಳಗಡೆ ಅಡ್ಡಡ್ಡ ಜೋತುಬೀಳುತ್ತೆ. “ಛೀ, ಇದೇನ ಹೊಲಸ!” ಆ ಜೋತು ದಾರವೇ ಎರಡನೇ ಪದರ ಆಗೋದು, ಅದರಿಂದಲೇ ಕೈ ಬೆಚ್ಚಗಿರೋದು ಅಂದೆ. ಒಪ್ಪಲಿಲ್ಲ. ಆದರೆ ಆ ದಾರ ಬಿಗಿಯಾಗದಂತೆ, ಸಡಿಲಾಗದಂತೆ, ಆಡಿದ ಹಾಗೆ ಸಮನಾಗಿ ಬಿಡೋದನ್ನು ಅವಳಷ್ಟು ಚೆನ್ನಾಗಿ ಮಾಡೋರನ್ನ ನಾನು ಇಲ್ಲೂ ಕಂಡಿಲ್ಲ. ಇಲ್ಲಿನ ಪಕ್ಕದ ಮನೆಯ ಅಜ್ಜಿಗೆ ಫೋಟೋ ತೋರಿಸಿದೆ. ಆಕೆ ಕೇಳಿದ್ದೂ ಒಳಬದಿಯ ಫೋಟೋವನ್ನೇ!

ಈಗ ವಾರಕ್ಕೆರಡು ಸಲ ಅವ್ವನೇ ಫೋನ್ ಮಾಡ್ತಾಳೆ, ಕುಶಲ ಕೇಳೋಕಲ್ಲ, ಕ್ಯಾಮೆರಾ ಮುಂದೆ ಕೈಗವಸು ಹಿಡಿದು ತಕರಾರು ಹೇಳೋಕೆ. ಎಡಗೈಯದು ಮುಗಿದಿದೆ. ಹೆಬ್ಬೆರಳಿನ ಮೇಲೆ ನಾನು ಕೊಟ್ಟ ನಮೂನೆ ಬಿಟ್ಟು ಸಣ್ಣದೊಂದು ಗೋಪುರ ಕೂರಿಸಿದ್ದಾಳೆ. “ಅವರೇನೂ ಅನ್ನೂದಿಲ್ಲಲ್ಲ?” ಅಂತ ಕೇಳಿದಳು. ಯಾರೂ ಏನೂ ಅನ್ನಲ್ಲ ಅಂದೆ.

ಬಲಗೈಗೆ ಹೆಬ್ಬೆರಳು ಆಚೆ ಕಡೆಗೆ ಬರಬೇಕು. ಅದಕ್ಕೆ ಕನ್ನಡದಲ್ಲೇ ಒಂದು ಪುಟ ಬರೆದು ಕಳಿಸ್ತಿದ್ದೀನಿ. ಸೀದಾಗೆ ‘ಸೀ’, ಉಲ್ಟಾಗೆ ‘ಉ’. ಸ್ಟಿಚ್‌ಗೆ ಅವ್ವ ‘ಕಣ್ಣು’ ಅಂತಾಳೆ, ಬಲೆಗೆ ಇರುತ್ತಲ್ಲ ಹಾಗೆ, ಅದನ್ನೇ ಇಟ್ಟುಕೊಂಡೆ. ಎರಡು ಕಣ್ಣು ಸೇರಿಸಿ ಒಂದು ಮಾಡೋದಕ್ಕೆ, ಮೊದಲ ಸಾಲು ಕಡ್ಡಿಗೆ ಏರಿಸೋದಕ್ಕೆ ಒಳ್ಳೇ ಪದ ಸಿಕ್ಕಿಲ್ಲ. ನಿಮ್ಮ ಕಡೆ, ನಿಮ್ಮ ಮನೆಯಲ್ಲಿ ಹೆಣೆಯೋರು ಏನಂತಾರೆ? ಗೊತ್ತಿದ್ದರೆ ಹೇಳಿ, ಪುಟ ಇನ್ನೂ ಕಳಿಸಿಲ್ಲ.