ಕಣ್ಣೆರಡನ್ನು ಬಿಟ್ಟು

ಹಿಂದಿನ ಕಾಲದ ತಂದೆಯಂದಿರಿಗೆ ಮಕ್ಕಳ ಶಾಲೆಯಲ್ಲಿ ಇದ್ದ ಕೆಲಸ ಒಂದೇ. ಮಗನ ಕೈ ಹಿಡಿದು ತಂದು ಮೇಷ್ಟರ ಮುಂದೆ ನಿಲ್ಲಿಸಿ, “ಕಣ್ಣೆರಡನ್ನು ಬಿಟ್ಟು ಮಿಕ್ಕದ್ದೆಲ್ಲ ನಿಮ್ಮದು, ಸ್ವಾಮಿ. ಹುಡುಗನಿಗೆ ನಾಲ್ಕಕ್ಷರ ಬಂದರೆ ಸಾಕು” ಎಂದು ಹೇಳಿ ಹಿಂದಿರುಗಿದರೆ ಅವರ ಕರ್ತವ್ಯ ಮುಗಿಯಿತು. ಮುಂದೆ ಆ ತಂದೆಯೂ ಮೇಷ್ಟರೂ ಭೇಟಿಯಾಗುತ್ತಿದ್ದುದು ಸಂತೆಯಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಇಲ್ಲವೆ ಯಾರದಾದರೂ ಮನೆಯ ಮದುವೆಯ ಪಂಕ್ತಿಯಲ್ಲಿ. ಪಾಯಸ ಬಡಿಸುವ ಹೊತ್ತಿಗೆ ಹುಡುಗನ ಮಗ್ಗಿಯ ಸಂಗತಿ ತಾನಾಗಿಯೇ ಹೊರಬೀಳುತ್ತಿತ್ತು. ಅದಕ್ಕೆಂದೇ ಒಂದು ಸಭೆ ಸೇರಬೇಕೆಂದು ಯಾರಿಗೂ ತೋಚಿರಲಿಲ್ಲ.

ಈಗ ಕಾಲ ಬೇರೆ. ಆ ‘ಮಿಕ್ಕದ್ದ’ನ್ನು ಮುಟ್ಟುವ ಅಧಿಕಾರ ಮೇಷ್ಟರಿಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆ ಕೂಡದೆಂದು ವಿಧಿಸಿದೆ. ಅದೇ ಕಾಯಿದೆಯ 24ನೆಯ ಪ್ರಕರಣವು, ಉಪಾಧ್ಯಾಯರು ತಂದೆತಾಯಿಗಳ ಸಭೆಯನ್ನು ಕ್ರಮವಾಗಿ ನಡೆಸಿ, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಾದ ಪ್ರಗತಿ ಇವುಗಳನ್ನು ತಿಳಿಸತಕ್ಕದ್ದೆಂದು ಹೇಳುತ್ತದೆ. ನಗರದ ಅನೇಕ ಶಾಲೆಗಳಲ್ಲಿ ಈ ರೂಢಿ ಕಾಯಿದೆಗಿಂತಲೂ ಹಳೆಯದು. ಜನ ಅದಕ್ಕೆ ಕೊಟ್ಟ ಹೆಸರು ‘ಪೇರೆಂಟ್ಸ್ ಮೀಟಿಂಗು’.

ಆ ದಿನದ ಸಂಭ್ರಮವನ್ನು ಬಲ್ಲವರೇ ಬಲ್ಲರು. ಶನಿವಾರದ ಬೆಳಿಗ್ಗೆ ತಾಯಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಂದೆ ಕಚೇರಿಗೆ ಅರ್ಧ ದಿನದ ರಜೆ ಬರೆದುಕೊಟ್ಟು, ಇಬ್ಬರ ನಡುವೆ ಮಗು ಮುಖ ಸಣ್ಣದು ಮಾಡಿಕೊಂಡು ನಡೆಯುವುದು. ತರಗತಿಯ ಹೊರಗಿನ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾಯುವುದು. ಆ ಗಂಟೆಯಲ್ಲಿ ಪಕ್ಕದ ತಾಯಿಯಿಂದ ಶಾಲಾ ವ್ಯಾನಿನ ಚಾಲಕನ ಗುಣದೋಷ, ಸಮವಸ್ತ್ರ ಹೊಲಿಯುವ ದರ್ಜಿಯ ವಿಳಾಸ, ಗಣಿತದ ಟ್ಯೂಷನ್ನಿನ ದರ ಎಲ್ಲವನ್ನೂ ಸಂಪಾದಿಸುವುದು. ಕೊನೆಗೆ ಒಳಗೆ ಹೋಗಿ ಮೂರನೆಯ ತರಗತಿಯ ಮಕ್ಕಳಿಗೆಂದು ಮಾಡಿಸಿದ ಬೆಂಚಿನಲ್ಲಿ ಮೊಣಕಾಲು ಹಿಡಿಸಲಾರದೆ ಕುಳಿತುಕೊಳ್ಳುವುದು. ಕಚೇರಿಯಲ್ಲಿ ಹತ್ತು ಜನರನ್ನು ಗದರಿಸುವ ಅಧಿಕಾರಿಯೂ ಆ ಬೆಂಚಿನಲ್ಲಿ ಕುಳಿತೊಡನೆ ಪಾಠ ಒಪ್ಪಿಸದ ಹುಡುಗನಂತೆ ಬೆದರುತ್ತಿದ್ದುದುಂಟು.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ಶಾಲೆಗಳ ಬಾಗಿಲು ಮುಚ್ಚಿದವು. ಪಾಠ ಮೊಬೈಲಿಗೆ ಬಂತು. ಪಾಠದ ಹಿಂದೆಯೇ ಸಭೆಯೂ ಬಂತು. ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಮಕ್ಕಳೇನೋ ಹಿಂದಿರುಗಿದರು, ಎಷ್ಟೋ ಶಾಲೆಗಳಲ್ಲಿ ತಂದೆತಾಯಿಗಳು ಮಾತ್ರ ಹಿಂದಿರುಗಲಿಲ್ಲ. ಸಭೆ ಮೊಬೈಲಿನಲ್ಲೇ ನೆಲೆ ನಿಂತಿತು.

ಅದರಿಂದ ಉಪಕಾರವಾಗಲಿಲ್ಲವೆಂದರೆ ಅನ್ಯಾಯವಾದೀತು. ಮಸ್ಕತ್ತಿನಲ್ಲಿ ಉದ್ಯೋಗದಲ್ಲಿರುವ ತಂದೆ, ಮಂಗಳೂರಿನಲ್ಲಿ ಓದುವ ಮಗಳ ಉಪಾಧ್ಯಾಯಿನಿಯ ಮುಖವನ್ನು ಮೊದಲ ಬಾರಿಗೆ ಕಂಡದ್ದು ಈ ಪರದೆಯ ಮೇಲೆಯೇ. ಅಲ್ಲಿಯ ಗಡಿಯಾರ ಇಲ್ಲಿಗಿಂತ ಒಂದೂವರೆ ಗಂಟೆ ಹಿಂದೆ. ಹಾಗಿದ್ದರೂ ಆತ ಬೆಳಿಗ್ಗೆ ಎದ್ದು, ಕ್ಷೌರ ಮಾಡಿಕೊಂಡು, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಸಿದ್ಧನಾಗಿ ಕುಳಿತಿರುತ್ತಾನೆ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಕದಲಲಾರದ ಸೊಸೆಗೂ, ದೂರದೂರಿಗೆ ವರ್ಗವಾದ ಬ್ಯಾಂಕಿನ ಗುಮಾಸ್ತನಿಗೂ ಇದು ವರವೇ. ಇಂಥವರ ಮುಂದೆ ‘ಹಳೆಯದೇ ಚೆನ್ನ’ ಎಂದು ಹಾಡುವುದು ಹೊಟ್ಟೆ ತುಂಬಿದವರ ಮಾತಾಗುತ್ತದೆ.

ಆದರೆ ಬೆಂಗಳೂರಿನ ಬಡಾವಣೆಯೊಂದರ ಮನೆಯಲ್ಲಿ ನಡೆದುದನ್ನು ಕೇಳಬೇಕು. ನಾಲ್ಕನೆಯ ತರಗತಿಯ ಹುಡುಗ. ಶಾಲೆಯಿಂದ ವಾಟ್ಸ್‌ಆ್ಯಪಿನಲ್ಲಿ ಲಿಂಕು ಬಂದಿತ್ತು: ಶನಿವಾರ ಹತ್ತೂ ನಲವತ್ತರಿಂದ ಹತ್ತೂ ನಲವತ್ತೈದು. ತರಗತಿಯಲ್ಲಿ 42 ಮಕ್ಕಳು; ಒಬ್ಬೊಬ್ಬರಿಗೆ ಐದು ನಿಮಿಷವೆಂದರೂ ಉಪಾಧ್ಯಾಯಿನಿ ಮೂರೂವರೆ ಗಂಟೆ ಕದಲದೆ ಕೂರಬೇಕು. ಹತ್ತೂ ನಲವತ್ತೆರಡಕ್ಕೆ ಮುಖ ಕಾಣಿಸಿತು. ಧ್ವನಿ ಕೇಳಿಸಲು ಮತ್ತೆ ಅರ್ಧ ನಿಮಿಷ. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಕುಕ್ಕರು ಮೂರು ಸಲ ಕೂಗಿತು. ಅಜ್ಜಿ ‘ಮಿಸ್ಸು ಬಂದರೇ?’ ಎನ್ನುತ್ತ ಜಪಸರದೊಡನೆ ಪರದೆಯ ಅಂಚಿನಲ್ಲಿ ಅರ್ಧ ಕಾಣಿಸಿಕೊಂಡರು.

“ಹುಡುಗ ಒಳ್ಳೆಯವನು. ಆದರೆ...” ಎಂದು ಉಪಾಧ್ಯಾಯಿನಿ ತೊಡಗಿದರು. ತೊಡಗಿದವರು ಅಲ್ಲಿಗೇ ನಿಂತರು. ತಂದೆಯ ಭುಜದ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದ ಹುಡುಗನ ಮುಖ ಅವರಿಗೆ ಕಂಡಿತ್ತು. ಅವನನ್ನು ಹೊರಗೆ ಕಳುಹಿಸಿ ಎನ್ನಲು ಸಂಕೋಚ. ಅವನೆದುರಿಗೆ ಹೇಳಲೂ ಸಂಕೋಚ. ಮುಂದಿನ ಮಗುವಿನ ತಂದೆತಾಯಿ ಆಗಲೇ ಹೊರಗೆ ಕಾದಿದ್ದಾರೆಂದು ಪರದೆಯ ಮೂಲೆಯಲ್ಲಿ ಸೂಚನೆ ಮೂಡುತ್ತಿತ್ತು. “ಬೋರ್ಡಿನ ಮೇಲಿನದನ್ನು ಸರಿಯಾಗಿ ಬರೆದುಕೊಳ್ಳುವುದಿಲ್ಲ. ಸ್ವಲ್ಪ ಗಮನ ಕೊಡಿ” ಎಂದಷ್ಟೇ ಹೇಳಿ ಅವರು ನಮಸ್ಕಾರ ಮಾಡಿದರು. ಪರದೆ ಕಪ್ಪಾಯಿತು.

ತಂದೆ ಗಮನ ಕೊಟ್ಟರು. ಅಂದಿನಿಂದ ದಿನಕ್ಕೆ ಎರಡು ಪುಟ ಕಾಪಿ ಬರೆಯಬೇಕೆಂದು ಆಜ್ಞೆಯಾಯಿತು. ಹುಡುಗ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಒಂದು ತಪ್ಪೂ ಇಲ್ಲದೆ, ಮುತ್ತು ಪೋಣಿಸಿದಂತೆ ಬರೆದು ತಂದ. ತಂದೆಯ ಕೋಪ ಇಮ್ಮಡಿಯಾಯಿತು. “ಮನೆಯಲ್ಲಿ ಬರುತ್ತದೆ, ಶಾಲೆಯಲ್ಲಿ ಬರುವುದಿಲ್ಲ! ಇದು ಸೋಮಾರಿತನವಲ್ಲದೆ ಮತ್ತೇನು?” ಎಂದರು. ಆ ಮಾತನ್ನು ದಿನಕ್ಕೊಮ್ಮೆಯಾದರೂ ಕೇಳಿಸಿಕೊಂಡ ಹುಡುಗ, ಕ್ರಮೇಣ ಶಾಲೆಯ ವಿಷಯ ಮಾತನಾಡುವುದನ್ನೇ ಬಿಟ್ಟ. ತಾನು ಸೋಮಾರಿಯೇ ಇರಬೇಕೆಂದು ಅವನಿಗೂ ನಂಬಿಕೆಯಾಗತೊಡಗಿತ್ತು. ಒಂಬತ್ತು ವರ್ಷದ ಮಗು ತನ್ನ ವಿಷಯದಲ್ಲಿ ತೀರ್ಪು ಬರೆದುಕೊಂಡರೆ ಅದನ್ನು ಅಳಿಸುವುದು ಸುಲಭವಲ್ಲ.

ದಸರಾ ರಜೆ ಕಳೆದ ಮೇಲೆ ಒಂದು ದಿನ ಅವನು ಊಟದ ಡಬ್ಬಿಯನ್ನು ಮರೆತು ಹೋದ. ಅದನ್ನು ಕೊಡಲು ಹೋದ ತಾಯಿಗೆ ಶಾಲೆಯ ಮೊಗಸಾಲೆಯಲ್ಲಿ ಉಪಾಧ್ಯಾಯಿನಿ ಎದುರಾದರು. “ಒಂದು ನಿಮಿಷ ಬನ್ನಿ” ಎಂದು ಖಾಲಿ ತರಗತಿಗೆ ಕರೆದೊಯ್ದು, ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿ ಬಿಡಿಸಿಟ್ಟರು. ಒಂದು ಉಕ್ತಲೇಖನದ್ದು, ಕೇಳಿ ಬರೆದದ್ದರಲ್ಲಿ ಒಂದು ಕಾಗುಣಿತವೂ ತಪ್ಪಿರಲಿಲ್ಲ. ಮತ್ತೊಂದು ಬೋರ್ಡು ನೋಡಿ ಬರೆದದ್ದು. ಅದರಲ್ಲಿ ಅಲ್ಲಲ್ಲಿ ಪದಗಳೇ ಇರಲಿಲ್ಲ. ಇದ್ದ ಪದಗಳಲ್ಲಿ ಪಕ್ಕದ ಹುಡುಗ ಮಾಡಿದ ತಪ್ಪುಗಳೆಲ್ಲ ಹಾಗೆಯೇ ಇಳಿದಿದ್ದವು. “ಇದನ್ನು ಆವತ್ತು ಮೊಬೈಲಿನಲ್ಲಿ ಹೇಗೆ ತೋರಿಸಲಿ ಅಂತ ತಿಳಿಯಲಿಲ್ಲ” ಎಂದು ಅವರು ಹೇಳಿದರು.

ತಾಯಿ ಮಾತನಾಡಲಿಲ್ಲ. ಮಗ ಕೂರುವ ಜಾಗವನ್ನು ಕೇಳಿ ತಿಳಿದು, ಕಿಟಕಿಯ ಬಳಿಯ ನಾಲ್ಕನೆಯ ಸಾಲಿಗೆ ಹೋಗಿ ಕುಳಿತು, ತಮ್ಮ ಕನ್ನಡಕವನ್ನು ತೆಗೆದರು. ಬೋರ್ಡಿನ ಮೇಲಿದ್ದ ಅಕ್ಷರಗಳು ಬಿಳಿಯ ಹೊಗೆಯಂತೆ ಒಂದರೊಳಗೊಂದು ಸೇರಿಹೋದವು.

ಕಣ್ಣಿನ ವೈದ್ಯರು ಸಂದೇಹವನ್ನು ದೃಢಪಡಿಸಿದರು: ಸಮೀಪದೃಷ್ಟಿ. ಹತ್ತಿರದ್ದು ಸ್ಪಷ್ಟ, ದೂರದ್ದು ಮಸುಕು. ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ಮಗು ತಿಳಿದಿರುತ್ತದೆ, ಆದುದರಿಂದ ದೂರುವುದಿಲ್ಲ. ಮನೆಯಲ್ಲಿ ಪುಸ್ತಕ ಮಡಿಲಲ್ಲಿ, ಮೊಬೈಲು ಅಂಗೈಯಲ್ಲಿ. ಅಲ್ಲಿ ಯಾವ ಸುಳಿವೂ ಸಿಗಲಿಲ್ಲ. ಸಂಜೆ ತಂದೆಗೆ ಈ ಸುದ್ದಿ ತಿಳಿದಾಗ ಅವರು ಬಹಳ ಹೊತ್ತು ಪತ್ರಿಕೆಯನ್ನು ಓದುವವರಂತೆ ಹಿಡಿದುಕೊಂಡು ಕುಳಿತಿದ್ದರು. ರಾತ್ರಿ ಮಗನ ಹಾಸಿಗೆಯ ಪಕ್ಕದಲ್ಲಿ ಕುಳಿತು, “ನಾಳೆಯಿಂದ ಕಾಪಿ ಬರೆಯುವುದು ಬೇಡಪ್ಪ” ಎಂದರು. ಕ್ಷಮೆ ಕೇಳುವ ರೂಢಿ ಆ ಮನೆಯ ಗಂಡಸರಲ್ಲಿ ಇರಲಿಲ್ಲ. ಅಷ್ಟು ಹೇಳಿದ್ದೇ ದೊಡ್ಡದು.

ತಪ್ಪು ಯಂತ್ರದ್ದೆನ್ನುವಂತಿಲ್ಲ. ಅಂಕ, ಹಾಜರಿ, ಶುಲ್ಕದ ಗಡುವು ಇವುಗಳಿಗೆ ಐದು ನಿಮಿಷ ಧಾರಾಳವಾಯಿತು. ಅವು ತಂತಿಯ ಸುದ್ದಿಯಂಥವು. ‘ಆದರೆ’ ಎಂಬ ಮಾತಿನ ಮುಂದಿನ ವಾಕ್ಯಕ್ಕೆ ಮಾತ್ರ ಬಾಗಿಲು ಮುಚ್ಚುವ ಒಂದು ಕೋಣೆ ಬೇಕು, ಬಿಡಿಸಿಡಲು ಪುಸ್ತಕ ಬೇಕು, ಮಗು ಕೂರುವ ಬೆಂಚೂ ಬೇಕು.

ಆ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ಮಗಳು ಸರ್ಕಾರಿ ಶಾಲೆಯಲ್ಲಿ ಓದುತ್ತಾಳೆ. ಮನೆಗೊಂದೇ ಮೊಬೈಲು, ಅದು ಬೆಳಿಗ್ಗೆ ಆರಕ್ಕೆ ಗಂಡನ ಜೊತೆ ಆಟೋದಲ್ಲಿ ಹೋಗುತ್ತದೆ. ಲಿಂಕು ಬಂದರೂ ಆಕೆಗೆ ತಲುಪದು. ಶಾಲೆಗೇ ಹೋಗೋಣವೆಂದರೆ ನಾಲ್ಕು ಮನೆಗಳಲ್ಲಿ ರಜೆ ಕೇಳಬೇಕು. ಈ ಸಲ ಕನ್ನಡಕದ ಹುಡುಗನ ತಾಯಿ ತಾನಾಗಿಯೇ ಹೇಳಿದರು: “ಶನಿವಾರ ನೀನು ಬರಬೇಡಮ್ಮ. ಮಗಳ ಶಾಲೆಗೆ ಹೋಗಿ ಬಾ. ಅವಳು ಕೂರುವ ಜಾಗದಲ್ಲಿ ಒಂದು ಗಳಿಗೆ ಕೂತು ಬಾ.” ಸಂಬಳದಲ್ಲಿ ಆ ದಿನವನ್ನು ಹಿಡಿಯಲಿಲ್ಲ.

ಕೆಲವರು ಸೇರಿ ಕೇಳಿಕೊಂಡುದರಿಂದ ಆ ಶಾಲೆಯಲ್ಲಿ ಈಗ ವರ್ಷಕ್ಕೆರಡು ಸಭೆ ತರಗತಿಯಲ್ಲೇ ನಡೆಯುತ್ತವೆ. ಬರಲಾರದವರಿಗೆ ಮೊಬೈಲು ಇದ್ದೇ ಇದೆ. ಮೊದಲನೆಯ ಸಭೆಗೆ ತಂದೆಯೂ ಹೋದರು. ಬೆಂಚಿನಲ್ಲಿ ಮೊಣಕಾಲು ಹಿಡಿಸಲಿಲ್ಲ. ಪಕ್ಕದಲ್ಲಿ ಕುಳಿತ ಮಗ, ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ಬರೆದಿದ್ದ ತಾರೀಖನ್ನೂ ಹಾಜರಿಯ ಸಂಖ್ಯೆಯನ್ನೂ ಕೇಳದಿದ್ದರೂ ಓದಿ ಹೇಳಿದ. ಉಪಾಧ್ಯಾಯಿನಿ ನಕ್ಕು, “ಓದು ಬರಹ ನಾನು ನೋಡಿಕೊಳ್ಳುತ್ತೇನೆ. ವರ್ಷಕ್ಕೊಂದು ಸಲ ಕಣ್ಣೆರಡನ್ನು ಮಾತ್ರ ನೀವು ತೋರಿಸಿಕೊಂಡು ಬನ್ನಿ” ಎಂದರು.

ತಂದೆ ತಲೆಯಾಡಿಸಿದರು. ತಮ್ಮ ಅಜ್ಜ ಮೇಷ್ಟರಿಗೆ ಹೇಳುತ್ತಿದ್ದ ಮಾತು ಅವರಿಗೆ ಆಗ ನೆನಪಾಗಿರಬೇಕು.