ಹಂಡೆಯ ಮೇಲಿನ ಹೆಸರು

ಕಳೆದ ವರ್ಷ ನಡುಮನೆಗೆ ಬಣ್ಣ ಹೊಡೆಸುವಾಗ ಅಟ್ಟದಲ್ಲಿದ್ದ ಅಜ್ಜಿಯ ತಾಮ್ರದ ಹಂಡೆಯನ್ನು ಗುಜರಿಯವರಿಗೆ ತೂಕಕ್ಕೆ ಹಾಕಿದೆವು. ಬಂದ ದುಡ್ಡಲ್ಲಿ ಪ್ಲಾಸ್ಟಿಕ್ ಕುರ್ಚಿ ತಂದೆವು.

ಮೂರು ತಿಂಗಳಾದ ಮೇಲೆ ಸುದ್ದಿಗೆಂದು ಒಂದು ಹೋಂಸ್ಟೇಗೆ ಹೋಗಿದ್ದೆವು. ಹಾಲ್ ಪೂರ್ತಿ ಹಳೇ ಕಾಲದ್ದು: ಕಾವಿ ನೆಲ, ತೂಗುಮಣೆ, ಕಂದೀಲು. ಮೂಲೆಯ ಹಂಡೆಯಲ್ಲಿ ಮನಿಪ್ಲಾಂಟ್. ಹಂಡೆಯ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ನಮ್ಮಜ್ಜಿಯದೇ!

"ಆ್ಯಂಟಿಕ್ ಸರ್, ಹುಡುಕಿ ತಂದಿದ್ದು" ಎಂದರು ಮಾಲೀಕರು. ನಾವು ಸುಮ್ಮನೆ ಫೋಟೊ ತೆಗೆದುಕೊಂಡೆವು. ಮಾರಿದವರು ನಾವೇ, ಇನ್ನೇನು ಕೇಳುವುದು?

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವುತ್ತಿದ್ದ ಹಳೇ ಮನೆಗಳ ಕಂಬ, ಬಾಗಿಲು ತಂದು ಮತ್ತೆ ನಿಲ್ಲಿಸಿದರು. ಅವರ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಜನ ಟಿಕೆಟ್ ತೆಗೆದುಕೊಂಡು ನೋಡುತ್ತಾರೆ. ನಮ್ಮ ಅಟ್ಟವನ್ನು ನಾವೇ ನೋಡಿರಲಿಲ್ಲ.

ಮನೆಗೆ ಬಂದವರೇ ಅಟ್ಟ ಹತ್ತಿದೆವು. ಅಜ್ಜನ ಆರಾಮಕುರ್ಚಿಯ ಬಟ್ಟೆ ಹರಿದಿತ್ತು, ಮರ ಗಟ್ಟಿಯಿತ್ತು. ಉಪ್ಪುಕಾಗದದಲ್ಲಿ ಉಜ್ಜಿ ಅಗಸೆ ಎಣ್ಣೆ ಹಚ್ಚಿದೆವು, ಟೈಲರ್ ಹತ್ತಿರ ದಪ್ಪ ಬಟ್ಟೆ ಹೊಲಿಸಿದೆವು. (ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.) ಹಿತ್ತಾಳೆಯ ಸೇರು, ಪಾವುಗಳನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆವು. ಈಗ ಅವು ಕಿಟಕಿಯಲ್ಲಿ ಹೊಳೆಯುತ್ತಿವೆ.

ಬಂದವರೆಲ್ಲ ಮೊದಲು ಅಜ್ಜನ ಕುರ್ಚಿಯಲ್ಲೇ ಕೂರುತ್ತಾರೆ. ಹಂಡೆ ಇಡಬಹುದಾಗಿದ್ದ ಮೂಲೆ ಮಾತ್ರ ಖಾಲಿಯಿದೆ.

ನಿಮ್ಮೂರಿಗೂ ಗುಜರಿ ಗಾಡಿ ಬರುತ್ತದಲ್ಲ? ಪಾತ್ರೆ ತಕ್ಕಡಿಗೆ ಇಡುವ ಮೊದಲು ಅಂಚಿನಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ಓದಿ.