ಗಾಜಿನ ಗೋಲಿಯ ಕಾಯಕ



ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ದೊರೆಯುವ ಗಾಜಿನ ಗೋಲಿಯೊಂದನ್ನು ಮನುಷ್ಯನೊಬ್ಬನು ಅರ್ಧ ಗಂಟೆ ಉರಿಯ ಮುಂದೆ ಕುಳಿತು ತನ್ನ ಎರಡು ಕೈಗಳಿಂದಲೇ ಮಾಡುತ್ತಾನೆಂದರೆ, ಕೇಳಿದವರಿಗೆ ನಗೆ ಬರುವುದು ಸಹಜ. ಕಳೆದ ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿ ಈ ಕೆಲಸ ನಡೆದಿದೆ. ನಕ್ಕವರನ್ನು ನಾವು ನೋಡಿದ್ದೇವೆ. ನಗುತ್ತ ಬಂದು, ಗೋಲಿಯನ್ನು ಬೆಳಕಿಗೆ ಹಿಡಿದು ಮೌನವಾದವರನ್ನೂ ನೋಡಿದ್ದೇವೆ. ಮಕ್ಕಳ ಆಟದ ವಸ್ತುವೊಂದು ಒಂದು ಕುಟುಂಬದ ಮುಂದೆ ಎಷ್ಟು ದೊಡ್ಡ ಪ್ರಶ್ನೆಯನ್ನು ತಂದಿಡಬಲ್ಲದೆಂಬುದನ್ನು ಬಂಧುಗಳೊಡನೆ ಹಂಚಿಕೊಳ್ಳುವ ಉದ್ದೇಶದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮದು ಮೂಲತಃ ಮಾಲೂರಿನ ಕುಟುಂಬ. ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತರಾದ ನಾವು ಕೋಲಾರದಲ್ಲಿ ನೆಲೆಸಿದ್ದೇವೆ. ನಮ್ಮ ತಮ್ಮನವರು ಹಳೆಯ ಮನೆಯಲ್ಲಿ ವೃದ್ಧ ತಾಯಿಯವರೊಡನೆ ಇದ್ದಾರೆ. ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರೆಂಬುದನ್ನು ಬಲ್ಲವರು ಬಲ್ಲರು. ನಮ್ಮ ತಂದೆಯವರು ಅಲ್ಲಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆ ಗೂಡಿನ ಮಗ್ಗುಲಲ್ಲೇ ಇದ್ದುದರಿಂದ ನಮ್ಮ ತಾಯಿಯವರು ನಲವತ್ತು ವರ್ಷ ಗೂಡು ಹೊತ್ತುವುದನ್ನೂ ಆರುವುದನ್ನೂ ಹಿತ್ತಲಿನಿಂದಲೇ ಕಂಡವರು.

ತಮ್ಮನ ಮಗನು ಗಾಜು ಊದುವ ವಿದ್ಯೆ ಕಲಿತವನು. ರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲಿ ಸುರುಳಿ ಸುರುಳಿಯಾದ ಕೊಳವೆಗಳು, ಕವಲೊಡೆದ ಸೀಸೆಗಳು ಇರುತ್ತವೆಯಲ್ಲವೆ? ಅವುಗಳನ್ನು ಉರಿಯ ಮುಂದೆ ಕೈಯಿಂದ ಜೋಡಿಸುವ ಕೆಲಸವದು. ಬೆಂಗಳೂರಿನ ಒಂದು ಕಾರ್ಯಾಗಾರದಲ್ಲಿ ಅವನು ಒಂಬತ್ತು ವರ್ಷ ದುಡಿದನು. ೨೦೨೦ರಲ್ಲಿ ಆ ಕಾರ್ಯಾಗಾರ ಮುಚ್ಚಿತು. ಊರಿಗೆ ಹಿಂದಿರುಗಿ, ದನದ ಕೊಟ್ಟಿಗೆಯನ್ನು ಶುಚಿಮಾಡಿ, ಅಲ್ಲಿ ತನ್ನ ಉರಿಬತ್ತಿಯನ್ನು ಹೂಡಿದನು. ಕೈಗೆ ಕೆಲಸವಿಲ್ಲದ ದಿನಗಳಲ್ಲಿ ಹದ ತಪ್ಪಬಾರದೆಂದು ಗೋಲಿ ಮಾಡತೊಡಗಿದನು.

ಗಾಜು ನಮ್ಮ ನಾಡಿಗೆ ಹೊಸದೇನಲ್ಲ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಯ ಗಾಜನ್ನು ಕಾಯಿಸುತ್ತಿದ್ದ ಕುಲುಮೆಗಳ ವಿಷಯವನ್ನು ಬರೆದಿಟ್ಟಿದ್ದಾನೆ. ಮುಳಬಾಗಿಲಿನಿಂದ ಪೂರ್ವಕ್ಕೆ ಹೊರಟು ಚಿತ್ತೂರು, ತಿರುಪತಿಗಳನ್ನು ದಾಟಿದರೆ ಶ್ರೀಕಾಳಹಸ್ತಿಯ ಕಡೆ ಪಾಪಾನಾಯ್ಡುಪೇಟೆ ಎಂಬ ಊರಿದೆ. ಕುಲುಮೆಯಲ್ಲಿ ಕರಗಿದ ಗಾಜಿನ ಮುದ್ದೆಯಿಂದ ಟೊಳ್ಳು ನಳಿಗೆಯನ್ನು ಮಾರುಗಟ್ಟಲೆ ಎಳೆದು, ಕತ್ತರಿಸಿ ಮಣಿ ಮಾಡುವ ಅಲ್ಲಿನ ವಿದ್ಯೆಯು ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ನಡೆಯುತ್ತಿದ್ದ ವಿದ್ಯೆಯ ಸಂತತಿಯೆಂದು ವಿದ್ವಾಂಸರು ಗುರುತಿಸಿದ್ದಾರೆ.

ಗೋಲಿಯ ಕಥೆ ಬೇರೆ. ಜರ್ಮನಿಯ ಲೌಷಾ ಎಂಬ ಬೆಟ್ಟದೂರಿನ ಗಾಜುಗಾರರು ೧೮೪೦ರ ದಶಕದಲ್ಲಿ, ತುದಿಯಲ್ಲಿ ಪುಟ್ಟ ಬಟ್ಟಲಿದ್ದ ಒಂದು ಕತ್ತರಿಯನ್ನು ಮಾಡಿಕೊಂಡು, ಬಣ್ಣದ ಎಳೆಗಳಿದ್ದ ಗಾಜಿನ ಕಂಬಿಯಿಂದ ಗೋಲಿಗಳನ್ನು ಕತ್ತರಿಸಿ ದುಂಡಗೆ ಮಾಡಿದರು. ೧೯೦೫ರಲ್ಲಿ ಅಮೆರಿಕದ ಆಕ್ರನ್ ನಗರದ ಮಾರ್ಟಿನ್ ಕ್ರಿಸ್ಟೆನ್ಸೆನ್ ಎಂಬಾತನಿಗೆ ದುಂಡು ಮಾಡುವ ಯಂತ್ರದ ಹಕ್ಕುಪತ್ರ ದೊರೆಯಿತು. ಈಗ ಅಂಗಡಿಗೆ ಬರುವ ಗೋಲಿಗಳೆಲ್ಲ ತೋಡುಗಳುಳ್ಳ ಉರುಳೆಗಳ ನಡುವೆ ಹೊರಳಿ ಬಂದಂಥವು. ಮುಳಬಾಗಿಲಿನ ಬಿಸಿಲಿನಲ್ಲಿ ಗೋಲಿ ಸೋಡಾ ಕುಡಿದವರು ಸೀಸೆಯ ಕತ್ತಿನಲ್ಲಿ ಕಟಕಟಿಸುವ ಗೋಲಿಯನ್ನು ಮರೆತಿರಲಾರರು. ಅದು ಇಂಗ್ಲೆಂಡಿನ ಹೈರಮ್ ಕಾಡ್ ಎಂಬ ಎಂಜಿನಿಯರು ೧೮೭೦ರ ದಶಕದಲ್ಲಿ ಮಾಡಿದ ಉಪಾಯ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ರಬ್ಬರಿನ ಬಳೆಗೆ ಒತ್ತಿ ಹಿಡಿದು ಮುಚ್ಚಳವಾಗಿಸುತ್ತದೆ.

ಹೀಗೆ ಯಂತ್ರವು ಗಂಟೆಗೆ ಸಾವಿರಗಟ್ಟಲೆ ಉರುಳಿಸುವ ವಸ್ತುವನ್ನು ಕೈಯಿಂದ ಮಾಡುವುದೇಕೆಂಬ ಪ್ರಶ್ನೆಗೆ, ಮಾಡುವುದನ್ನು ನೋಡಿದರೆ ಅರ್ಧ ಉತ್ತರ ದೊರೆಯುತ್ತದೆ. ಹುಡುಗನು ಬೋರೋಸಿಲಿಕೇಟ್ ಗಾಜಿನ ಕಡ್ಡಿಯೊಂದನ್ನು ಉರಿಯಲ್ಲಿ ಹಿಡಿಯುತ್ತಾನೆ. ಪ್ರಯೋಗಾಲಯದ ಪಾತ್ರೆಗಳಿಗೆ ಬಳಸುವ ಗಾಜು ಇದೇ. ಸುಮಾರು ೮೨೦ ಡಿಗ್ರಿ ಸೆಲ್ಸಿಯಸ್‌ಗೆ ಇದು ಮೆದುವಾಗತೊಡಗುತ್ತದೆ. ಕೆಲಸಕ್ಕೆ ಅದಕ್ಕಿಂತಲೂ ಬಹಳ ಹೆಚ್ಚಿನ ಕಾವು ಬೇಕಾದುದರಿಂದ ಅನಿಲದೊಡನೆ ಆಮ್ಲಜನಕವನ್ನು ಬೆರೆಸಿ ಉರಿಸಬೇಕು. ಕಡ್ಡಿಯ ತುದಿ ಜೇನಿನಂತೆ ಇಳಿಯತೊಡಗಿದಾಗ ಅದನ್ನು ತಿರುಗಿಸುತ್ತಲೇ ಇರಬೇಕು. ಕ್ಷಣಕಾಲ ಕೈ ನಿಂತರೂ ಮುದ್ದೆ ಒಂದು ಬದಿಗೆ ಜೋಲುತ್ತದೆ. ಆ ಮುದ್ದೆಯ ಮೇಲೆ ಬಣ್ಣದ ಗಾಜಿನ ಎಳೆಗಳನ್ನಿಟ್ಟು, ತಿರುಚಿ, ಮೇಲೆ ತಿಳಿಗಾಜಿನ ಹೊದಿಕೆ ಕೊಡುತ್ತಾನೆ. ಈ ಹೊದಿಕೆ ಮಸೂರದಂತೆ ಒಳಗಿನ ಬಣ್ಣವನ್ನು ಹಿಗ್ಗಿಸಿ ತೋರಿಸುತ್ತದೆ. ಬಳಿಕ ಗ್ರಾಫೈಟಿನ ಅರ್ಧಗೋಳದ ಅಚ್ಚಿನಲ್ಲಿ ಹೊರಳಿಸಿ ದುಂಡು ಮಾಡಿ, ಇನ್ನೊಂದು ಕಡ್ಡಿಯನ್ನು ಎದುರು ಬದಿಗೆ ಅಂಟಿಸಿಕೊಂಡು, ಮೊದಲನೆಯದನ್ನು ಉರಿಯಲ್ಲೇ ಕತ್ತರಿಸಿ, ಆ ಗಾಯವನ್ನು ಉರಿಯಿಂದಲೇ ಮಾಯಿಸುತ್ತಾನೆ. ಕಾದ ಗಾಜಿನಲ್ಲಿರುವ ಸೋಡಿಯಂ ಉರಿಗೆ ಕಣ್ಣು ಕುಕ್ಕುವ ಹಳದಿಯನ್ನು ಕೊಡುವುದರಿಂದ ಅದನ್ನು ತಡೆಯುವ ಡಿಡಿಮಿಯಮ್ ಕನ್ನಡಕವಿಲ್ಲದೆ ಕೆಲಸಕ್ಕೆ ಕೂರುವಂತಿಲ್ಲ. ಮನೆಬಳಕೆಯ ಅಡುಗೆ ಅನಿಲದ ಸಿಲಿಂಡರನ್ನು ಇದಕ್ಕೆ ಬಳಸಲು ಕಾನೂನಿನ ಸಮ್ಮತಿಯಿಲ್ಲ, ವಾಣಿಜ್ಯ ಸಿಲಿಂಡರೇ ಆಗಬೇಕು. ಈ ಎರಡು ಮಾತುಗಳನ್ನು ಉತ್ಸಾಹಿ ತರುಣರು ಮರೆಯದಿರಲಿ.

ಮೊದಲ ಚಳಿಗಾಲದಲ್ಲಿ ಅವನು ಮಾಡಿದ ಗೋಲಿಗಳೆಲ್ಲ ಒಡೆದುಹೋದವು. ಬೆಂಗಳೂರಿನಲ್ಲಿ ಗಾಜನ್ನು ನಿಧಾನವಾಗಿ ತಣಿಸಲೆಂದೇ ದೊಡ್ಡ ಒಲೆಯಿತ್ತು. ಇಲ್ಲಿ ಅಂಥದಿಲ್ಲದೆ, ಕೆಂಪಗೆ ಕಾದ ಗೋಲಿಯನ್ನು ಬಿಸಿ ಬೂದಿಯಲ್ಲಿ ಹೂಳುತ್ತಿದ್ದನು. ತೆಳುವಾದ ಕೊಳವೆಗೆ ಸಾಲುವಷ್ಟು ಉಪಚಾರವು ಗಟ್ಟಿ ಗೋಲಿಗೆ ಸಾಲದು. ನಡುರಾತ್ರಿ ಕೊಟ್ಟಿಗೆಯಿಂದ ಟಕ್ಕೆಂಬ ಸದ್ದು ಕೇಳಿಬರುತ್ತಿತ್ತು. ಬೆಳಿಗ್ಗೆ ಬೂದಿಯಲ್ಲಿ ಎರಡು ಹೋಳು ಸಿಗುತ್ತಿದ್ದವು. ಹದಿನೈದು ದಿನಗಳ ದುಡಿಮೆ ಹೀಗೆ ಹೋಯಿತು. ಆಗಲೇ ಅವನು ಬಾಯಿಬಿಟ್ಟು, "ಸಾಕು ದೊಡ್ಡಪ್ಪ, ನರಸಾಪುರದ ಕಡೆ ಯಾವುದಾದರೂ ಕಂಪನಿಗೆ ಸೇರಿಬಿಡುತ್ತೇನೆ" ಎಂದನು.

ನಮ್ಮ ತಾಯಿಯವರು ಹೋಳುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, "ಗೂಡಿನ ಬಾಯಿ ಬೇಗ ತೆಗೆದಿದ್ದೀಯ ಕಂದ" ಎಂದರು. ಗೂಡೇ ಇಲ್ಲವಲ್ಲ ಅಜ್ಜಿ ಎಂದರೆ, "ಇಲ್ಲದಿದ್ದರೆ ಕಟ್ಟು. ಉರಿ ನಿಂತ ಮೇಲೂ ಗೂಡು ಬೇಯುತ್ತಲೇ ಇರುತ್ತದೆ. ಬಾಯಿಗೆ ಮಣ್ಣು ಮೆತ್ತಿ ಅದರ ಪಾಡಿಗೆ ಅದನ್ನು ಬಿಡಬೇಕು. ಆತುರದಲ್ಲಿ ತೆಗೆದ ಗೂಡಿನ ಹೆಂಚನ್ನು ಯಾವ ಮೇಸ್ತ್ರಿಯೂ ಮಾಡಿಗೆ ಹಾಕುತ್ತಿರಲಿಲ್ಲ" ಎಂದರು.

ಶಾಸ್ತ್ರವೂ ಹೇಳುವುದು ಇದನ್ನೇ. ಗೋಲಿ ತಣಿಯುವಾಗ ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನ ಕಾವು ಆರುವುದು ಆಮೇಲೆ. ಆರುತ್ತ ಕುಗ್ಗಬೇಕೆಂದರೆ ಹೊರಮೈ ಆಗಲೇ ಬಿಗಿದು ಕೂತಿರುತ್ತದೆ. ಈ ಎಳೆದಾಟ ಒಳಗೇ ಉಳಿದು, ಆ ರಾತ್ರಿಯೋ ಆರು ತಿಂಗಳ ಮೇಲೋ ಸಣ್ಣ ಪೆಟ್ಟಿಗೆ ಗೋಲಿ ಸೀಳುತ್ತದೆ. ಆದುದರಿಂದ ಬೋರೋಸಿಲಿಕೇಟ್ ಗೋಲಿಯನ್ನು ಸುಮಾರು ೫೬೦ ಡಿಗ್ರಿ ಕಾವಿನಲ್ಲಿ ಒಳಗೂ ಹೊರಗೂ ಸಮನಾಗುವವರೆಗೆ ಇರಿಸಿ, ಆಮೇಲೆ ಅತಿ ನಿಧಾನವಾಗಿ ಇಳಿಸಬೇಕು. ಹುಡುಗನು ಹಳೆಯ ಗೂಡಿನ ಬೆಂಕಿ ಇಟ್ಟಿಗೆಗಳನ್ನು ತಂದು ಪೆಟ್ಟಿಗೆಯಂತೆ ಕಟ್ಟಿ, ವಿದ್ಯುತ್ ಸುರುಳಿಯನ್ನೂ ಕಾವಿನ ಮಾಪಕವನ್ನೂ ಅಳವಡಿಸಿದನು. ಮರುದಿನದ ಲಿಂಗಪೂಜೆ ಮುಗಿಯುವವರೆಗೆ ಪೆಟ್ಟಿಗೆಯ ಬಾಗಿಲನ್ನು ಯಾರೂ ಮುಟ್ಟಕೂಡದೆಂಬ ಕಟ್ಟಳೆ ನಮ್ಮ ತಾಯಿಯವರದು. ಅದು ಇಂದಿಗೂ ನಡೆದುಕೊಂಡು ಬಂದಿದೆ.

ನಮ್ಮ ಪಾಲಿನ ಸೇವೆಯೂ ಒಂದಿದೆ. ಬೋರೋಸಿಲಿಕೇಟ್ ಗಾಜೂ ಅಡುಗೆ ಎಣ್ಣೆಯೂ ಬೆಳಕನ್ನು ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಬಾಗಿಸುವುದರಿಂದ, ಎಣ್ಣೆಯ ಲೋಟದಲ್ಲಿ ಮುಳುಗಿಸಿದ ಗೋಲಿಯ ತಿಳಿಗಾಜು ಕಣ್ಣಿಗೆ ಮರೆಯಾಗಿ ಬಣ್ಣದ ಎಳೆಗಳಷ್ಟೇ ತೇಲಿದಂತೆ ಕಾಣುತ್ತವೆ. ಲೋಟದ ಹಿಂದೊಂದು ಮುಂದೊಂದು ಪೋಲರಾಯ್ಡ್ ಹಾಳೆಯನ್ನು ಅಡ್ಡಡ್ಡಲಾಗಿ ಹಿಡಿದರೆ, ಒಳಗೆ ಬಿಗಿತ ಉಳಿದಿದ್ದಲ್ಲಿ ಬೆಳಕಿನ ಮಚ್ಚೆಗಳು ಮೂಡುತ್ತವೆ. ಬಿಗಿತವಿಲ್ಲದ ಗೋಲಿ ಕತ್ತಲೆಯಾಗಿಯೇ ಉಳಿಯುತ್ತದೆ. ಹೊರಗಿನಿಂದ ಎರಡೂ ಒಂದೇ ಬಗೆಯಾಗಿ ಹೊಳೆಯುತ್ತವೆ. ಹೊಳಪನ್ನು ನೋಡಿ ಬಾಳಿಕೆಯನ್ನು ಹೇಳಲಾಗದು.

ಮತ್ತೊಂದು ಮಾತು. ಸಾಧಾರಣ ಗಾಜು ಕಾವಿಗೆ ಹಿಗ್ಗುವುದರ ಮೂರನೆಯ ಒಂದು ಪಾಲಿನಷ್ಟು ಮಾತ್ರ ಬೋರೋಸಿಲಿಕೇಟ್ ಹಿಗ್ಗುತ್ತದೆ. ಎರಡನ್ನೂ ಬೆಸೆದರೆ ಬಿಸಿಯಲ್ಲಿ ಒಂದಾದಂತೆ ಕಂಡರೂ ತಣ್ಣಗಾದ ಮೇಲೆ ಬಿರುಕು ಖಂಡಿತ. ಹಿಗ್ಗಿನಲ್ಲಿಯೂ ಕುಗ್ಗಿನಲ್ಲಿಯೂ ಹೊಂದಿಕೊಂಡು ಹೋಗುವ ಗಾಜುಗಳನ್ನೇ ಆರಿಸಬೇಕು.

ಹೊಂದಾಣಿಕೆಯ ಮಾತು ಬಂದುದರಿಂದ ಮನೆಯ ಚಿಂತೆಯನ್ನೂ ಹೇಳಿಬಿಡುತ್ತೇವೆ. ಹುಡುಗನಿಗೆ ಮದುವೆಯ ವಯಸ್ಸು. ಎರಡು ಕಡೆಯಿಂದ ಸಂಬಂಧ ಬಂದಿತ್ತು. ಜಾತಕ, ಮನೆತನ ಎಲ್ಲವೂ ಒಪ್ಪಿಗೆಯಾಗಿ, ಹುಡುಗನ ಉದ್ಯೋಗ ಗೋಲಿ ಮಾಡುವುದೆಂದು ತಿಳಿದ ಕೂಡಲೇ ಮಾತು ನಿಂತುಹೋಯಿತು. ನಮ್ಮ ತಮ್ಮನವರು ಆ ದಿನಗಳಲ್ಲಿ ಮಗನೊಡನೆ ಕುಳಿತು ಊಟಮಾಡುವುದನ್ನೇ ಬಿಟ್ಟಿದ್ದರು. ಹುಡುಗನು ನಿಜಕ್ಕೂ ಸಂಪಾದಿಸುವುದು ಗೋಲಿಯಿಂದಲ್ಲ. ಮಾಲೂರು, ವೇಮಗಲ್, ನರಸಾಪುರಗಳ ಕೈಗಾರಿಕಾ ಪ್ರದೇಶಗಳ ಪ್ರಯೋಗಾಲಯಗಳಿಂದಲೂ, ಕೋಲಾರ ಮುಳಬಾಗಿಲುಗಳ ಕಾಲೇಜುಗಳಿಂದಲೂ ಒಡೆದ ಗಾಜಿನ ಉಪಕರಣಗಳು ಅವನ ಕೊಟ್ಟಿಗೆಗೆ ಬರುತ್ತವೆ. ಎಸೆಯಬೇಕಾಗಿದ್ದ ವಸ್ತುವು ಹೊಸದರ ಬೆಲೆಯ ಒಂದು ಅಂಶಕ್ಕೆ ಸರಿಹೋಗುತ್ತದೆ. ಅಂಥ ರಿಪೇರಿಯ ಕೈಯನ್ನು ದಿನವೂ ಪಳಗಿಸುವುದು ಗೋಲಿ. ದಿನಕ್ಕೆ ಐದಾರಾದರೂ ಗೋಲಿ ಮಾಡದೆ ಅವನು ಬೇರೆ ಕೆಲಸಕ್ಕೆ ಕೈ ಹಚ್ಚುವುದಿಲ್ಲ.

ಮೂರನೆಯ ಸಂಬಂಧ ಶ್ರೀನಿವಾಸಪುರದ ಮಾವಿನ ತೋಟದವರದು. ಹುಡುಗಿಯ ತಾತನವರು ಕಾಫಿ ಮುಟ್ಟುವ ಮೊದಲೇ ಕೊಟ್ಟಿಗೆಗೆ ಹೋಗಿ ಎಲ್ಲವನ್ನೂ ನೋಡಿದರು. ಪೆಟ್ಟಿಗೆ ಏಕೆ ಮುಚ್ಚಿದೆಯೆಂದು ಕೇಳಿದರು. ಹುಡುಗನು ವಿವರಿಸಿದಾಗ ತಲೆದೂಗಿ, "ನಮ್ಮಲ್ಲೂ ಇದೇ ಜಗಳ ಸ್ವಾಮಿ. ಹುಲ್ಲಿನಲ್ಲಿ ಹಣ್ಣಾದ ಕಾಯಿ ಬೇರೆ, ಪುಡಿ ಹಾಕಿ ಒಂದೇ ರಾತ್ರಿಗೆ ಹಳದಿ ಮಾಡಿದ್ದು ಬೇರೆ. ಮಾರುಕಟ್ಟೆಯಲ್ಲಿ ಎರಡಕ್ಕೂ ಬಣ್ಣ ಒಂದೇ" ಎಂದರು. ಹಣ್ಣು ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡನ್ನು ಬಳಸಬಾರದೆಂದು ಕಾನೂನೇ ಇದ್ದರೂ ಆತುರ ಬಿಟ್ಟಿಲ್ಲವೆಂಬುದು ಅವರ ದೂರು. ಸಂಬಳ ಎಷ್ಟೆಂದು ಅವರು ಕೇಳದೆ ಇರಲಿಲ್ಲ. ಕೇಳಿದ್ದು ಕೊನೆಯಲ್ಲಿ.

ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ದೋಣಿ ನಡೆಸಿದವರನ್ನೂ ಬಟ್ಟೆ ಒಗೆದವರನ್ನೂ ಬುಟ್ಟಿ ಹೆಣೆದವರನ್ನೂ ಶರಣರೆಂದು ಪೂಜಿಸುವ ಪರಂಪರೆ ನಮ್ಮದು. ವೇದಿಕೆಯಲ್ಲಿ ಕಾಯಕದ ಹಿರಿಮೆಯನ್ನು ಹೊಗಳಿ, ಮನೆಗೆ ಬಂದು ಕೈಕೆಲಸದ ವರನನ್ನು ತಿರಸ್ಕರಿಸುವುದು ಆ ಪರಂಪರೆಗೆ ಒಪ್ಪುವ ನಡೆಯಲ್ಲ. ತರುಣನ ಉದ್ಯೋಗದ ಹೆಸರು ಕೇಳಿದೊಡನೆ ತೀರ್ಪು ಕೊಡದೆ, ಅವನು ಕೆಲಸ ಮಾಡುವ ಸ್ಥಳಕ್ಕೆ ಒಮ್ಮೆ ಹೋಗಿ ನೋಡೋಣ. ಮಗನೋ ಮಗಳೋ ಹೊಸದೊಂದು ಕೆಲಸ ಹಿಡಿದು ಮೊದಲ ವರ್ಷ ಸೋತರೆ, ಗೂಡಿನ ಬಾಯಿಯನ್ನು ಅಷ್ಟು ಬೇಗ ತೆರೆಯದಿರೋಣ.

ಶ್ರೀನಿವಾಸಪುರದವರು ಈ ತಿಂಗಳ ಕೊನೆಗೆ ಮತ್ತೊಮ್ಮೆ ಬರುವವರಿದ್ದಾರೆ. ಒಪ್ಪಿಗೆಯೋ ಅಲ್ಲವೋ ಇನ್ನೂ ತಿಳಿಯದು. ಹುಡುಗಿಯೂ ಬರುವಳಂತೆ, ಗೋಲಿ ಮಾಡುವುದನ್ನು ಕಣ್ಣಾರೆ ನೋಡಬೇಕೆಂದು ಹೇಳಿಕಳಿಸಿದ್ದಾಳೆ. ಕೊಟ್ಟಿಗೆಯಲ್ಲಿ ಆ ಕನ್ನಡಕ ಒಂದೇ ಇದೆಯೋ ಎರಡಿವೆಯೋ ಎಂದು ನಮ್ಮ ತಾಯಿಯವರು ಕೇಳಿದರು. ಒಂದೇ ಇತ್ತು. ಇನ್ನೊಂದನ್ನು ತರಿಸಿದ್ದೇವೆ.